ಹಚ್ಚಿದ್ದೆಲ್ಲ ಒಳಗೆ ಇಳಿಯುತ್ತದೆಯೇ? ಚರ್ಮದ ಔಷಧಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಮುಲಾಮು, ಜೆಲ್, ಪ್ಯಾಚ್‌ಗಳದ್ದೇ ಮಾತು. ಹಚ್ಚಿದ ಔಷಧ ಒಳಗೆ ಹೇಗೆ ಹೋಗುತ್ತದೆ, ಹೋಗಲಿ ಅಂತ ಅದಕ್ಕೆ ಏನು ಬೆರೆಸುತ್ತಾರೆ, ಬೆರೆಸಿದ್ದರಿಂದ ತೊಂದರೆ ಇಲ್ಲವೇ ಎಂದು ಬೇರೆ ಬೇರೆ ರೀತಿಯಲ್ಲಿ ಕೇಳಿದ್ದೀರಿ. ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವಕ್ಕಷ್ಟೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಅಮ್ಮನ ಮಂಡಿನೋವಿಗೆ ವೈದ್ಯರು ಹಚ್ಚುವ ದ್ರಾವಣ ಬರೆದುಕೊಟ್ಟಿದ್ದಾರೆ. ಲೇಬಲ್ ಓದಿದರೆ ಡೈಕ್ಲೋಫೆನಾಕ್ ಬರೀ ಶೇ. 1.5, ಡೈಮೀಥೈಲ್ ಸಲ್ಫಾಕ್ಸೈಡ್ ಎನ್ನುವುದು ಶೇ. 45.5. ಔಷಧಕ್ಕಿಂತ ಬೇರೆಯದೇ ಜಾಸ್ತಿ ಇದೆಯಲ್ಲ, ಇದು ಮೋಸ ಅಲ್ವಾ?

ಉತ್ತರ: ಮೋಸ ಅಲ್ಲ. ಆ 45.5 ಇರುವುದೇ ಈ 1.5 ಒಳಗೆ ಇಳಿಯಲಿ ಅಂತ. ಅದಿಲ್ಲದಿದ್ದರೆ ಔಷಧದ ಬಹುಪಾಲು ಚರ್ಮದ ಮೇಲೆಯೇ ಕೂತು, ಕೊನೆಗೆ ಬಟ್ಟೆಗೆ ಒರೆಸಿಹೋಗುತ್ತಿತ್ತು.

ಚರ್ಮದ ತೀರಾ ಮೇಲಿನ ಪದರವನ್ನು ಸ್ಟ್ರಾಟಮ್ ಕಾರ್ನಿಯಮ್ ಅನ್ನುತ್ತಾರೆ. ಮೈಯ ಹೆಚ್ಚಿನ ಕಡೆ ಅದರ ದಪ್ಪ 10ರಿಂದ 20 ಮೈಕ್ರೋಮೀಟರ್ ಮಾತ್ರ, ಅಂದರೆ ಒಂದು ಮಿಲಿಮೀಟರನ್ನು ಐವತ್ತು ಪಾಲು ಮಾಡಿದರೆ ಅದರಲ್ಲೊಂದು ಪಾಲು ಅಥವಾ ಅದಕ್ಕೂ ಕಡಿಮೆ. ಅದರಲ್ಲಿ ಜೀವ ಇರುವ ಕೋಶ ಒಂದೂ ಇಲ್ಲ. ಕೆರಾಟಿನ್ ತುಂಬಿದ ಚಪ್ಪಟೆ ಸತ್ತ ಕೋಶಗಳು ಇಟ್ಟಿಗೆಗಳು, ನಡುವಿನ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನ ಆಮ್ಲಗಳು ಗಾರೆ. ಔಷಧದ ಅಣು ಒಳಗೆ ಹೋಗಬೇಕೆಂದರೆ ಹೆಚ್ಚಾಗಿ ಈ ಗಾರೆಯೊಳಗೇ ಸುತ್ತಿ ಬಳಸಿ ನುಸುಳಬೇಕು. ಇಷ್ಟು ತೆಳುವಾದ ಸತ್ತ ಪದರವೇ ಮೈಯೊಳಗಿನ ನೀರು ಆರಿಹೋಗದಂತೆ, ಹೊರಗಿನ ಕೊಳೆ, ವಿಷ ಒಳಗೆ ಬರದಂತೆ ತಡೆದು ಕೂತಿದೆ. ಔಷಧ ಒಳ್ಳೆಯದು, ವಿಷ ಕೆಟ್ಟದ್ದು ಎಂಬ ಭೇದ ಅದಕ್ಕೆ ಗೊತ್ತಿಲ್ಲ, ಎರಡನ್ನೂ ತಡೆಯುತ್ತದೆ.

ಈ ತಡೆಯನ್ನು ಸ್ವಲ್ಪ ಹೊತ್ತು ಸಡಿಲಿಸುವ ರಾಸಾಯನಿಕಗಳೇ ಪರ್ಮಿಯೇಷನ್ ಎನ್‌ಹ್ಯಾನ್ಸರ್‌ಗಳು. ಡೈಮೀಥೈಲ್ ಸಲ್ಫಾಕ್ಸೈಡ್, ಅಂದರೆ ಡಿಎಂಎಸ್‌ಒ, ಅವುಗಳಲ್ಲಿ ತುಂಬಾ ಹಳೆಯದು. ಚಿಟಿಕೆಯಷ್ಟು ಹಾಕಿದರೆ ಅದು ಹೆಚ್ಚೇನೂ ಮಾಡುವುದಿಲ್ಲ, ಪ್ರಮಾಣ ಏರಿದಂತೆಲ್ಲ ಕೆಲಸ ಏರುತ್ತದೆ. ಅದಕ್ಕೇ ಲೇಬಲ್ ಮೇಲೆ ಆ ದೊಡ್ಡ ಅಂಕಿ.

ಇನ್ನು ಬಳಕೆಯ ವಿಷಯ, ಇದು ಮುಖ್ಯ. ಹಚ್ಚಿದ ಜಾಗ ಪೂರ್ತಿ ಆರುವವರೆಗೆ ಅದರ ಮೇಲೆ ಬಟ್ಟೆ ಬೇಡ, ಸನ್‌ಸ್ಕ್ರೀನ್ ಬೇಡ, ಸೊಳ್ಳೆ ಓಡಿಸುವ ಕ್ರೀಮ್ ಅಂತೂ ಬೇಡವೇ ಬೇಡ. ಸಡಿಲವಾಗಿರುವ ಚರ್ಮ ಡೈಕ್ಲೋಫೆನಾಕನ್ನು ಬಿಟ್ಟ ಹಾಗೆ ಅವನ್ನೂ ಒಳಗೆ ಬಿಡುತ್ತದೆ. ಹಚ್ಚಿದವರು ಕೈ ತೊಳೆಯಬೇಕು. ಚರ್ಮ ಒಣಗಿ ಬಿರುಸಾಗುವುದು ಈ ದ್ರಾವಣದಲ್ಲಿ ಸಾಮಾನ್ಯ, ಅದಕ್ಕೆ ಹೆದರಬೇಡಿ. ಗುಳ್ಳೆ ಎದ್ದರೆ ಮಾತ್ರ ನಿಲ್ಲಿಸಿ ವೈದ್ಯರಿಗೆ ಹೇಳಿ. ಮತ್ತೆ, ಹಚ್ಚುವ ಔಷಧ ರಕ್ತಕ್ಕೆ ಸೇರುವುದು ಮಾತ್ರೆಗಿಂತ ಬಹಳ ಕಡಿಮೆ, ಆದರೆ ಸೊನ್ನೆ ಅಲ್ಲ. ತಾಯಿಯವರಿಗೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದರೆ ಅಥವಾ ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದ್ದರೆ ಅದನ್ನು ಮೊದಲೇ ತಿಳಿಸಿ.

ಪ್ರಶ್ನೆ: ಡಿಎಂಎಸ್‌ಒ ಆನ್‌ಲೈನ್‌ನಲ್ಲಿ ಬಾಟಲಿಗಟ್ಟಲೆ ಸಿಗುತ್ತದೆ. ವಿಟಮಿನ್ ಪುಡಿಯನ್ನೋ ಗಿಡಮೂಲಿಕೆ ರಸವನ್ನೋ ಅದಕ್ಕೆ ಬೆರೆಸಿ ನಾವೇ ಹಚ್ಚಿಕೊಂಡರೆ ಹೇಗೆ? ಎಷ್ಟೋ ಜನ ಮಾಡುತ್ತಿದ್ದಾರೆ.

ಉತ್ತರ: ಮಾಡಬೇಡಿ. ಅಂಗಡಿಗೆ ಬರುವ ಎಷ್ಟೋ ಬಾಟಲಿಗಳು ಕಾರ್ಖಾನೆಯಲ್ಲಿ ದ್ರಾವಕವಾಗಿ ಬಳಸಲು ತಯಾರಿಸಿದವು. ಅದರಲ್ಲಿರುವ ಕಲ್ಮಶ, ನಿಮ್ಮ ಚರ್ಮದ ಮೇಲಿರುವ ಸೋಪಿನ ಅಂಶ, ಕೀಟನಾಶಕದ ಅಂಶ, ನೀವು ಬೆರೆಸಿದ ರಸದೊಳಗೆ ಏನೇನಿದೆಯೋ ಅದು, ಎಲ್ಲಕ್ಕೂ ಇದು ಒಳಗೆ ಹೋಗಲು ನೆರವಾಗುತ್ತದೆ. ನೀವು ಬಯಸಿದ್ದನ್ನು ಮಾತ್ರ ಆರಿಸಿ ಒಳಗೆ ಬಿಡುವ ಎನ್‌ಹ್ಯಾನ್ಸರ್ ಅಂತ ಯಾವುದೂ ಇಲ್ಲ.

ಇದರ ಕಥೆ ಸ್ವಾರಸ್ಯವಾಗಿದೆ, ಹೇಳಿಬಿಡುತ್ತೇನೆ. ಡಿಎಂಎಸ್‌ಒ ಮೊದಲು ತಯಾರಾಗಿದ್ದು 19ನೇ ಶತಮಾನದಲ್ಲಿ. ಆಮೇಲೆ ಕಾಗದದ ಉದ್ಯಮದಲ್ಲಿ ಮರದ ತಿರುಳು ಬೇಯಿಸಿದಾಗ ಉಳಿಯುವ ವಸ್ತುವಿನಿಂದ ಇದನ್ನು ಅಗ್ಗವಾಗಿ ಮಾಡಬಹುದು ಎಂದು ಗೊತ್ತಾಯಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಸ್ಟಾನ್ಲಿ ಜೇಕಬ್ ಎಂಬ ಶಸ್ತ್ರವೈದ್ಯರು ಇದು ಚರ್ಮದ ಮೂಲಕ ಸರಸರನೆ ಇಳಿಯುವುದನ್ನು ಗಮನಿಸಿದರು. ಕೈಗೆ ಹಚ್ಚಿ ಸ್ವಲ್ಪ ಹೊತ್ತಿಗೆ ಬಾಯಲ್ಲಿ ಬೆಳ್ಳುಳ್ಳಿ ರುಚಿ! ದೇಹ ಇದನ್ನು ಡೈಮೀಥೈಲ್ ಸಲ್ಫೈಡ್ ಆಗಿ ಬದಲಿಸಿ ಉಸಿರಿನಲ್ಲಿ ಹೊರಹಾಕುವುದರಿಂದ ಹಾಗಾಗುತ್ತದೆ. ಎಲ್ಲ ನೋವಿಗೂ ಇದೇ ಮದ್ದು ಎಂಬ ಗದ್ದಲ ಎದ್ದಿತು. 1965ರಲ್ಲಿ ಪ್ರಯೋಗದ ಪ್ರಾಣಿಗಳ ಕಣ್ಣಿನ ಮಸೂರದಲ್ಲಿ ಬದಲಾವಣೆ ಕಂಡದ್ದೇ ತಡ, ಅಮೆರಿಕದ ಔಷಧ ನಿಯಂತ್ರಕರಾದ ಎಫ್‌ಡಿಎ ಮನುಷ್ಯರ ಮೇಲಿನ ಪ್ರಯೋಗಗಳನ್ನು ನಿಲ್ಲಿಸಿತು. ಕೊನೆಗೆ 1978ರಲ್ಲಿ ಒಪ್ಪಿಗೆ ಸಿಕ್ಕಿದ್ದು ಮೂತ್ರಕೋಶದ ಒಂದು ಬಗೆಯ ಉರಿಯೂತಕ್ಕೆ, ಅದೂ ನೇರ ಮೂತ್ರಕೋಶದೊಳಗೆ ಹಾಕಲು. ಚರ್ಮಕ್ಕೆ ಹಚ್ಚುವ ಔಷಧದಲ್ಲಿ ಎನ್‌ಹ್ಯಾನ್ಸರ್ ಆಗಿ ಇರುವಾಗ ಅದರ ಶುದ್ಧತೆ, ಪ್ರಮಾಣ, ಜೊತೆಗಿರುವ ವಸ್ತು ಎಲ್ಲವೂ ಪರೀಕ್ಷೆಯಾಗಿರುತ್ತದೆ. ಮನೆಯ ಮಿಶ್ರಣದಲ್ಲಿ ಇದ್ಯಾವುದೂ ಆಗಿರುವುದಿಲ್ಲ.

ಪ್ರಶ್ನೆ: ಬಿ.ಫಾರ್ಮ್ ವಿದ್ಯಾರ್ಥಿನಿ. ಎನ್‌ಹ್ಯಾನ್ಸರ್‌ಗಳು ಕೆಲಸ ಮಾಡುವ ಬಗೆಯನ್ನು ಪುಸ್ತಕದಲ್ಲಿ ಓದಿ ಓದಿ ತಲೆಕೆಟ್ಟಿದೆ. ನೆನಪಲ್ಲಿ ಉಳಿಯುವ ಹಾಗೆ ಹೇಳಿ.

ಉತ್ತರ: ಬ್ರಯಾನ್ ಬ್ಯಾರಿ ಎಂಬ ವಿಜ್ಞಾನಿ ಇದನ್ನು ಮೂರು ದಾರಿಗಳಾಗಿ ವಿಂಗಡಿಸಿದರು: ಕೊಬ್ಬನ್ನು ಕದಡುವುದು, ಕೋಶದೊಳಗಿನ ಪ್ರೋಟೀನನ್ನು ಸಡಿಲಿಸುವುದು, ಔಷಧಕ್ಕೆ ಚರ್ಮದೊಳಗೆ ಕರಗುವುದು ಸುಲಭ ಮಾಡುವುದು. ಪರೀಕ್ಷೆಗೆ ಇಷ್ಟು ಸಾಕು. ಆದರೆ ವಿಷಯ ಅರ್ಥವಾಗಬೇಕಾದರೆ ಓಲಿಯಿಕ್ ಆಮ್ಲವನ್ನೂ ಸ್ಟಿಯರಿಕ್ ಆಮ್ಲವನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಎರಡರಲ್ಲೂ 18 ಕಾರ್ಬನ್. ಸ್ಟಿಯರಿಕ್‌ನ ಸರಪಳಿ ನೇರ, ಓಲಿಯಿಕ್‌ನದು ನಡುವೆ ಒಂದು ಸಿಸ್ ದ್ವಿಬಂಧದಿಂದಾಗಿ ಸೊಟ್ಟ. ಅಷ್ಟೇ ವ್ಯತ್ಯಾಸ. ಆದರೆ ಸ್ಟಿಯರಿಕ್ ಕರಗಲು ಸುಮಾರು 69 ಡಿಗ್ರಿ ಸೆಲ್ಸಿಯಸ್ ಬೇಕು, ಓಲಿಯಿಕ್ 13–14 ಡಿಗ್ರಿಗೇ ನೀರಾಗುತ್ತದೆ. ಚರ್ಮದ ಮೇಲ್ಮೈ ಸುಮಾರು 32 ಡಿಗ್ರಿ ಇರುತ್ತದೆ. ಆ ಬಿಸಿಯಲ್ಲಿ ಚರ್ಮದ ಕೊಬ್ಬಿನ ಸರಪಳಿಗಳು ಒತ್ತೊತ್ತಾಗಿ, ಶಿಸ್ತಾಗಿ ನಿಂತಿರುತ್ತವೆ. ನೇರವಾದ ಸ್ಟಿಯರಿಕ್ ಬಂದರೆ ಅವುಗಳ ಸಾಲಿನಲ್ಲಿ ಸೇರಿಕೊಂಡುಬಿಡುತ್ತದೆ, ಏನೂ ಆಗುವುದಿಲ್ಲ. ಸೊಟ್ಟ ಓಲಿಯಿಕ್ ಹೊಂದಿಕೊಳ್ಳುವುದಿಲ್ಲ. ಅಲ್ಲಲ್ಲಿ ತನ್ನದೇ ದ್ರವದ ಗುಂಪು ಕಟ್ಟಿಕೊಂಡು ಸಾಲು ಕೆಡಿಸುತ್ತದೆ, ಔಷಧ ಅಲ್ಲಿ ನುಸುಳುತ್ತದೆ. ಇದೊಂದು ಅರ್ಥವಾದರೆ ಕೊಬ್ಬು ಕದಡುವ ಗುಂಪಿನ ಹೆಚ್ಚಿನ ಎನ್‌ಹ್ಯಾನ್ಸರ್‌ಗಳು ಅರ್ಥವಾದ ಹಾಗೆ, ಪುದೀನದ ಮೆಂಥಾಲ್, ನೀಲಗಿರಿ ಎಣ್ಣೆಯ ಸಿನಿಯೋಲ್ ಥರದ ಟರ್ಪೀನ್‌ಗಳೂ ಸೇರಿ.

ಪ್ರೋಟೀನ್ ದಾರಿಗೆ ಡಿಎಂಎಸ್‌ಒ ಉದಾಹರಣೆ, ಕೆರಾಟಿನ್‌ನ ಸುರುಳಿ ರೂಪವನ್ನೇ ಅದು ಬದಲಿಸುತ್ತದೆ (ಕೊಬ್ಬನ್ನೂ ಬಿಡುವುದಿಲ್ಲ). ಮೂರನೆಯದಕ್ಕೆ ಪ್ರೊಪಿಲೀನ್ ಗ್ಲೈಕಾಲ್, ಎಥನಾಲ್. ಎಥನಾಲ್ ಇನ್ನೂ ಒಂದು ಉಪಾಯ ಮಾಡುತ್ತದೆ. ಜೆಲ್ ಹಚ್ಚಿದ ಮೇಲೆ ತಾನು ಆವಿಯಾಗಿ ಹೋಗುತ್ತದೆ, ಉಳಿದ ಚೂರು ದ್ರವದಲ್ಲಿ ಔಷಧ ಕಿಕ್ಕಿರಿದು, ಚರ್ಮದೊಳಗೆ ಹೋಗುವ ಒತ್ತಡ ಹೆಚ್ಚುತ್ತದೆ. ಪ್ರೊಪಿಲೀನ್ ಗ್ಲೈಕಾಲ್ ಮತ್ತು ಓಲಿಯಿಕ್ ಆಮ್ಲ ಜೊತೆಗಿದ್ದರೆ ಎರಡೂ ಒಂಟಿಯಾಗಿ ಮಾಡುವುದಕ್ಕಿಂತ ಹೆಚ್ಚು ಕೆಲಸ ಆಗುತ್ತದೆ, ಇದನ್ನು ಪರೀಕ್ಷೆಯಲ್ಲಿ ಕೇಳುತ್ತಾರೆ.

ಪ್ರಶ್ನೆ: ಅದೇ ವಿದ್ಯಾರ್ಥಿನಿಯ ಎರಡನೇ ಪ್ರಶ್ನೆ. ಸಂಶೋಧನಾ ಲೇಖನಗಳಲ್ಲಿ ನೂರಾರು ಎನ್‌ಹ್ಯಾನ್ಸರ್‌ಗಳ ಹೆಸರಿದೆ, ಮಾರುಕಟ್ಟೆಯ ಔಷಧಗಳಲ್ಲಿ ಬೆರಳೆಣಿಕೆಯಷ್ಟೇ. ಯಾಕೆ?

ಉತ್ತರ: ಚೆನ್ನಾಗಿ ಕೆಲಸ ಮಾಡುವವು ಚೆನ್ನಾಗಿ ಉರಿಸುತ್ತವೆ ಕೂಡ. ಸತ್ತ ಪದರದ ಕೊಬ್ಬನ್ನು ಕದಡುವ ವಸ್ತು ಅಲ್ಲೇ ನಿಲ್ಲಬೇಕಲ್ಲ? ಕೆಳಗೆ ಇಳಿದು ಜೀವಂತ ಕೋಶಗಳ ಪೊರೆಯನ್ನೂ ಕದಡುತ್ತದೆ, ಅಲ್ಲಿಂದ ಕೆಂಪು, ತುರಿಕೆ, ಉರಿ ಶುರು. ಸೋಡಿಯಂ ಲಾರಿಲ್ ಸಲ್ಫೇಟ್ ಒಳ್ಳೆಯ ಎನ್‌ಹ್ಯಾನ್ಸರ್, ಆದರೆ ಪ್ರಯೋಗಾಲಯದಲ್ಲಿ ಬೇಕೆಂದೇ ಚರ್ಮ ಕೆರಳಿಸಲು ಬಳಸುವುದೂ ಅದನ್ನೇ!

ಏಜೋನ್ ಅಂತ ಒಂದಿದೆ, ಲಾರೊಕ್ಯಾಪ್ರಮ್ ಎನ್ನುವುದೂ ಅದಕ್ಕೇ. ಬೇರೆ ಕೆಲಸಕ್ಕಿದ್ದ ವಸ್ತುವನ್ನು ತಂದು ಬಳಸಿದ್ದಲ್ಲ, ಚರ್ಮದ ತಡೆ ದಾಟಿಸಲಿಕ್ಕೆಂದೇ ವಿನ್ಯಾಸ ಮಾಡಿದ ಮೊದಲ ಅಣು, 1970ರ ದಶಕದ್ದು. ಏಳು ಸದಸ್ಯರ ಉಂಗುರದ ತಲೆ, 12 ಕಾರ್ಬನ್ನಿನ ಬಾಲ, ಶೇ. 1ರಿಂದ 3ರಷ್ಟು ಹಾಕಿದರೆ ಸಾಕು. ಲೇಖನಗಳ ಮೇಲೆ ಲೇಖನ ಬಂದವು. ಆದರೂ ನಿಮ್ಮ ಅಂಗಡಿಯ ಕಪಾಟಿನಲ್ಲಿ ಅದು ಕಾಣುವುದಿಲ್ಲ. ಹೊಸ ಎನ್‌ಹ್ಯಾನ್ಸರ್ ತಂದರೆ ಹೊಸ ಔಷಧಕ್ಕೆ ಮಾಡುವಷ್ಟೇ ಸುರಕ್ಷತಾ ಪರೀಕ್ಷೆ ಮಾಡಿಸಬೇಕು, ಅಷ್ಟು ಹಣ ಹಾಕುವ ಬದಲು ಕಂಪನಿಗಳು ಈಗಾಗಲೇ ಆಹಾರದಲ್ಲೋ ಸೌಂದರ್ಯವರ್ಧಕದಲ್ಲೋ ಬಳಕೆಯಲ್ಲಿರುವ ಎಥನಾಲ್, ಓಲಿಯಿಕ್ ಆಮ್ಲ, ಟ್ರೈಯಾಸೆಟಿನ್ ಮುಂತಾದವನ್ನೇ ಹಿಡಿಯುತ್ತವೆ. ಅವರನ್ನು ದೂರಲೂ ಆಗದು.

ಇನ್ನೊಂದು ಕಾರಣ ಪ್ರಯೋಗದ ರೀತಿಯಲ್ಲೇ ಇದೆ. ಇಲಿಯ ಚರ್ಮ ಮನುಷ್ಯರ ಚರ್ಮಕ್ಕಿಂತ ಸುಲಭವಾಗಿ ಬಿಟ್ಟುಕೊಡುತ್ತದೆ, ಎನ್‌ಹ್ಯಾನ್ಸರ್ ಹಾಕಿದರಂತೂ ಇನ್ನೂ ಜಾಸ್ತಿ. ಫ್ರಾಂಜ್ ಕೋಶದಲ್ಲಿ (ಚರ್ಮದ ತುಂಡಿನ ಮೂಲಕ ಔಷಧ ಎಷ್ಟು ದಾಟುತ್ತದೆಂದು ಅಳೆಯುವ ಪ್ರಯೋಗಾಲಯದ ಸಾಧನ) ಇಲಿಯ ಚರ್ಮ ಕಟ್ಟಿ ಹತ್ತಾರು ಪಟ್ಟು ಹೆಚ್ಚಳ ಎಂದು ಬರೆದದ್ದು ಮನುಷ್ಯರ ಮೈಮೇಲೆ ಕಾಣದೆ ಹೋಗಬಹುದು. ಹಂದಿಯ ಕಿವಿಯ ಚರ್ಮ ನಮ್ಮದಕ್ಕೆ ಹತ್ತಿರ. ಪ್ರಾಜೆಕ್ಟ್ ಮಾಡುವಾಗ ಗೈಡ್ ಹತ್ತಿರ ಮೊದಲು ಇದನ್ನೇ ಕೇಳಿ.

ಪ್ರಶ್ನೆ: ಇಷ್ಟೆಲ್ಲ ರಾಸಾಯನಿಕ ಇದ್ದ ಮೇಲೆ ಇನ್ಸುಲಿನ್ ಪ್ಯಾಚ್ ಯಾಕಿಲ್ಲ? ದಿನಾ ಚುಚ್ಚಿಕೊಂಡು ಸಾಕಾಗಿದೆ.

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಅಡ್ಡಿ ಇರುವುದು ಗಾತ್ರದಲ್ಲಿ. ಸುಮಾರು 500 ಡಾಲ್ಟನ್‌ಗಿಂತ (ಡಾಲ್ಟನ್ ಅಂದರೆ ಅಣುವಿನ ತೂಕದ ಅಳತೆ) ದೊಡ್ಡ ಅಣು ಆರೋಗ್ಯವಂತ ಚರ್ಮ ದಾಟುವುದು ಕಷ್ಟ ಎಂಬ ನಿಯಮವನ್ನು 2000ನೇ ಇಸವಿಯಲ್ಲಿ ಬಾಸ್ ಮತ್ತು ಮೈನಾರ್ಡಿ ಎಂಬಿಬ್ಬರು ಮುಂದಿಟ್ಟರು. ಪ್ಯಾಚ್ ರೂಪದಲ್ಲಿ ಸಿಗುವ ನಿಕೋಟಿನ್ 162, ನೈಟ್ರೋಗ್ಲಿಸರಿನ್ 227, ಫೆಂಟಾನಿಲ್ 336. ಇನ್ಸುಲಿನ್ ಸುಮಾರು 5,800. ಜೊತೆಗೆ ಅದು ನೀರನ್ನು ಇಷ್ಟಪಡುವ ಅಣು, ಕೊಬ್ಬಿನ ಹತ್ತಿರ ಸುಳಿಯುವುದಿಲ್ಲ. ಅದನ್ನು ದಾಟಿಸುವಷ್ಟು ಎನ್‌ಹ್ಯಾನ್ಸರ್ ಸುರಿದರೆ ಚರ್ಮವೇ ಉಳಿಯುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳ ಪ್ಯಾಚ್, ಅಂದರೆ ಮೈಕ್ರೋನೀಡಲ್, ಆ ಪದರವನ್ನು ಸಡಿಲಿಸುವ ಬದಲು ತೂತು ಮಾಡಿಯೇ ಹೋಗುತ್ತದೆ. ಇನ್ಸುಲಿನ್ ವಿಷಯದಲ್ಲಿ ನನಗೆ ಅದರ ಮೇಲೇ ಹೆಚ್ಚು ನಂಬಿಕೆ. ಅಲ್ಲಿಯವರೆಗೆ ಇಂಜೆಕ್ಷನ್ ಬಿಡಬೇಡಿ, ‘ಸಕ್ಕರೆ ಇಳಿಸುವ ಪ್ಯಾಚ್’ ಜಾಹೀರಾತು ನಂಬಬೇಡಿ.

ಪ್ರಶ್ನೆ: ಕೊಲಾಜೆನ್ ಕ್ರೀಮ್ ಚರ್ಮದ ಆಳಕ್ಕೆ ಇಳಿಯುತ್ತದಂತೆ, ನಿಜವೇ?

ಉತ್ತರ: ಕೊಲಾಜೆನ್ ಅಣು ಸುಮಾರು 3,00,000 ಡಾಲ್ಟನ್. ಮೇಲಿನ ಉತ್ತರದ 500ರ ಪಕ್ಕ ಇಟ್ಟು ನೋಡಿ. ಮೇಲೆ ಕೂತು ತೇವ ಹಿಡಿದಿಡುತ್ತದೆ, ಚರ್ಮ ನುಣುಪಾಗಿ ಕಾಣುತ್ತದೆ, ಅದಕ್ಕಷ್ಟೇ ದುಡ್ಡು ಕೊಡುವುದಾದರೆ ಕೊಡಿ.

ಪ್ರಶ್ನೆ: ಎಂಟು ತಿಂಗಳ ಮಗುವಿಗೆ ಡಯಾಪರ್ ಜಾಗದಲ್ಲಿ ಕೆಂಪು ಗುಳ್ಳೆ. ನನಗೆ ಇಸುಬಿಗೆ ಕೊಟ್ಟಿದ್ದ ಸ್ಟಿರಾಯ್ಡ್ ಮುಲಾಮು ಮನೆಯಲ್ಲಿದೆ, ಅದನ್ನೇ ಹಚ್ಚಿ ಡಯಾಪರ್ ಹಾಕಲೇ? ಅದರಲ್ಲಿ ನೀವು ಹೇಳುವಂಥ ರಾಸಾಯನಿಕ ಏನೂ ಕಾಣಲಿಲ್ಲ.

ಉತ್ತರ: ಬೇಡಮ್ಮಾ, ಮಗುವಿನ ವೈದ್ಯರಿಗೆ ತೋರಿಸಿ. ಲೇಬಲ್‌ನಲ್ಲಿ ಎನ್‌ಹ್ಯಾನ್ಸರ್ ಕಾಣದಿದ್ದರೂ ಡಯಾಪರ್ ಒಳಗೆ ಅದು ಇದ್ದೇ ಇದೆ: ನೀರು. ಚರ್ಮದ ತಡೆಯನ್ನು ಸಡಿಲಿಸುವ ವಸ್ತುಗಳಲ್ಲಿ ತುಂಬಾ ಸುರಕ್ಷಿತ ಎನಿಸಿಕೊಂಡದ್ದು ನೀರೇ. ಆದರೆ ಒದ್ದೆ ಜಾಗವನ್ನು ಗಾಳಿಯಾಡದಂತೆ ಮುಚ್ಚಿದರೆ ಸತ್ತ ಪದರ ಉಬ್ಬುತ್ತದೆ, ಸ್ಟಿರಾಯ್ಡ್ ಇಳಿಯುವುದು ಹಲವು ಪಟ್ಟು, ಕೆಲವೊಮ್ಮೆ ಹತ್ತು ಪಟ್ಟಿನವರೆಗೂ ಏರುತ್ತದೆ. ಡಯಾಪರ್ ಮಾಡುವುದು ಅದನ್ನೇ.

ಜಾಗವೂ ಮುಖ್ಯ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ವೈದ್ಯರು ದೊಡ್ಡವರ ಮೈಯ ಬೇರೆ ಬೇರೆ ಕಡೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಹಚ್ಚಿ ಎಷ್ಟು ಒಳಗೆ ಹೋಯಿತೆಂದು ಅಳೆದರು. ಮುಂಗೈಯಲ್ಲಿ ಇಳಿದದ್ದನ್ನು 1 ಎಂದು ಹಿಡಿದರೆ ಅಂಗಾಲಿನಲ್ಲಿ 0.14, ಹಣೆಯಲ್ಲಿ 6, ದವಡೆಯ ಹತ್ತಿರ 13, ವೃಷಣದ ಚರ್ಮದಲ್ಲಿ 42. ಅದೇ ಔಷಧ, ಅದೇ ಮನುಷ್ಯರು! ಮಗುವಿಗಾದರೆ ತೂಕಕ್ಕೆ ಹೋಲಿಸಿದಾಗ ಚರ್ಮದ ಹರವು ದೊಡ್ಡವರಿಗಿಂತ ಜಾಸ್ತಿ, ಹಾಗಾಗಿ ಅಷ್ಟೇ ಔಷಧ ಇಳಿದರೂ ಆ ಪುಟ್ಟ ದೇಹಕ್ಕೆ ದೊಡ್ಡ ಡೋಸ್ ಆಗುತ್ತದೆ.

ಸುಮ್ನೆ ಹೆದರಿಸುತ್ತಿಲ್ಲ. 1972ರಲ್ಲಿ ಫ್ರಾನ್ಸ್‌ನಲ್ಲಿ ಮಕ್ಕಳ ಪೌಡರ್ ಒಂದಕ್ಕೆ ತಯಾರಿಕೆಯ ತಪ್ಪಿನಿಂದ ಹೆಕ್ಸಾಕ್ಲೋರೋಫೀನ್ ಎಂಬ ಕ್ರಿಮಿನಾಶಕ ಶೇ. 6ಕ್ಕೂ ಹೆಚ್ಚು ಬೆರೆತು, ಚರ್ಮದ ಮೂಲಕವೇ ಮೈಗೆ ಸೇರಿ 36 ಮಕ್ಕಳು ತೀರಿಕೊಂಡರು. ಡಯಾಪರ್ ಜಾಗಕ್ಕೆ ಹಾಕುವ ಪೌಡರ್, ಅಷ್ಟೇ.

ಸದ್ಯಕ್ಕೆ ಡಯಾಪರ್ ಬಿಚ್ಚಿ ಗಾಳಿ ಆಡಲು ಬಿಡಿ, ಒದ್ದೆಯಾದ ಕೂಡಲೇ ಬದಲಿಸಿ, ಜಿಂಕ್ ಆಕ್ಸೈಡ್ ಇರುವ ಸಾದಾ ಮುಲಾಮು ಹಚ್ಚಿ.

ಪ್ರಶ್ನೆ: ಲೇಸರ್‌ನಲ್ಲಿ ಕೂದಲು ತೆಗೆಸಲು ಹೋಗುವ ಮುನ್ನ ಮರಗಟ್ಟಿಸುವ ಕ್ರೀಮ್ ಎರಡೂ ಕಾಲಿಗೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಬನ್ನಿ ಎಂದಿದ್ದಾರೆ. ಸರಿಯೇ?

ಉತ್ತರ: ವೈದ್ಯರು ಎಷ್ಟು ಗ್ರಾಂ, ಎಷ್ಟು ಜಾಗಕ್ಕೆ, ಎಷ್ಟು ಹೊತ್ತು ಎಂದು ಬರೆದುಕೊಡದಿದ್ದರೆ ಸರಿಯಲ್ಲ. 2007ರಲ್ಲಿ ಎಫ್‌ಡಿಎ ಇದೇ ವಿಷಯಕ್ಕೆ ಎಚ್ಚರಿಕೆ ಕೊಟ್ಟಿತು. ಇಬ್ಬರು ಯುವತಿಯರು ಹೀಗೇ ಕಾಲಿಗೆ ಕಡು ಪ್ರಮಾಣದ ಕ್ರೀಮ್ ಹಚ್ಚಿ ಪ್ಲಾಸ್ಟಿಕ್ ಸುತ್ತಿಕೊಂಡು ಪ್ರಜ್ಞೆ ತಪ್ಪಿದ್ದರು, ಫಿಟ್ಸ್ ಬಂದು, ಕೊನೆಗೆ ಉಳಿಯಲಿಲ್ಲ. ಹಾಳೆಯ ಕೆಳಗೆ ಬೆವರು ನಿಂತು ಮತ್ತೆ ಅದೇ ನೀರಿನ ಕೆಲಸ, ಅದೂ ಎರಡು ಇಡೀ ಕಾಲಿನಷ್ಟು ಹರವಿನಲ್ಲಿ. ಒಳಗೆ ಹೋದ ಲಿಡೋಕೇನ್, ಅಂದರೆ ಕ್ರೀಮಿನಲ್ಲಿರುವ ಮರಗಟ್ಟಿಸುವ ಔಷಧ, ಹೃದಯಕ್ಕೂ ಮಿದುಳಿಗೂ ತಾಗುತ್ತದೆ.

ಲಿಡೋಕೇನ್, ಪ್ರಿಲೋಕೇನ್ ತಲಾ ಶೇ. 2.5 ಇರುವ ಕ್ರೀಮನ್ನು ಸೂಜಿ ಚುಚ್ಚುವ ಮುನ್ನ ಸಣ್ಣ ಜಾಗಕ್ಕೆ ಹಚ್ಚಿ, ಮುಚ್ಚಿ, ಒಂದು ಗಂಟೆ ಬಿಡುವುದು ಆಸ್ಪತ್ರೆಗಳಲ್ಲಿ ಮಾಮೂಲು. ಅದರಲ್ಲೊಂದು ಜಾಣತನ ಇದೆ. ಈ ಎರಡೂ ಬೇರೆ ಬೇರೆ ಇದ್ದಾಗ ಗಟ್ಟಿ ಹರಳು, ಸಮವಾಗಿ ಬೆರೆಸಿದರೆ ಸಾಮಾನ್ಯ ಬಿಸಿಯಲ್ಲೇ ಎಣ್ಣೆಯಾಗಿಬಿಡುತ್ತವೆ. ಎಣ್ಣೆ ರೂಪದಲ್ಲಿದ್ದಾಗ ಚರ್ಮಕ್ಕೆ ಇಳಿಯುವುದು ಸುಲಭ, ಒಂದಕ್ಕೊಂದು ತಾವೇ ಎನ್‌ಹ್ಯಾನ್ಸರ್ ಆದಂತೆ. ಆದರೆ ಸಣ್ಣ ಜಾಗ, ಅಳೆದ ಪ್ರಮಾಣ, ಗಡಿಯಾರ, ಮೂರೂ ಇರಬೇಕು.

ಪ್ರಶ್ನೆ: ತಂದೆಗೆ ಕ್ಯಾನ್ಸರ್ ನೋವಿಗೆ ಫೆಂಟಾನಿಲ್ ಪ್ಯಾಚ್ ಹಾಕುತ್ತಿದ್ದೇವೆ. ಚಳಿಗೆ ಅದರ ಮೇಲೆ ಬಿಸಿನೀರಿನ ಚೀಲ ಇಡಬಹುದೇ? ಅರ್ಧ ಕತ್ತರಿಸಿ ಹಾಕಬಹುದೇ? ಹಳೆಯದನ್ನು ಏನು ಮಾಡಬೇಕು?

ಉತ್ತರ: ಬಿಸಿ ಇಡಬೇಡಿ. ಶಾಖದಿಂದ ಕೊಬ್ಬು ಸಡಿಲವಾಗುತ್ತದೆ, ರಕ್ತ ಓಟ ಹೆಚ್ಚುತ್ತದೆ, ಮೂರು ದಿನಕ್ಕೆಂದು ಇಟ್ಟ ಔಷಧ ಬೇಗ ಇಳಿದು ಉಸಿರಾಟವೇ ನಿಧಾನವಾಗಬಹುದು. ಜ್ವರ 40 ಡಿಗ್ರಿ ತಲುಪಿದರೆ ರಕ್ತದಲ್ಲಿನ ಮಟ್ಟ ಮೂರನೇ ಒಂದು ಭಾಗದಷ್ಟು ಏರಬಹುದು ಎಂದು ಲೆಕ್ಕ ಹಾಕಿದ್ದಾರೆ, ಆದ್ದರಿಂದ ಜ್ವರ ಬಂದರೆ ವೈದ್ಯರಿಗೆ ಕೂಡಲೇ ಫೋನ್ ಮಾಡಿ. ಅತಿಯಾದ ಮಂಪರು, ಎಬ್ಬಿಸಿದರೂ ಏಳದಿರುವುದು, ಉಸಿರು ತೀರಾ ನಿಧಾನ ಅನಿಸಿದರೆ ಪ್ಯಾಚ್ ಕಿತ್ತು ನೇರ ಆಸ್ಪತ್ರೆಗೆ ಹೋಗಿ. ಕಿತ್ತ ಕೂಡಲೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ, ಚರ್ಮದಲ್ಲಿ ಸಂಗ್ರಹವಾದ ಔಷಧ ಆಮೇಲೂ ಗಂಟೆಗಟ್ಟಲೆ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ.

ಕತ್ತರಿಸುವುದೂ ಬೇಡ. ಬಳಸಿದ ಪ್ಯಾಚ್‌ನಲ್ಲಿ ಇನ್ನೂ ಸಾಕಷ್ಟು ಔಷಧ ಉಳಿದಿರುತ್ತದೆ, ಎಸೆದ ಪ್ಯಾಚ್ ಮಕ್ಕಳ ಕೈಗೆ ಸಿಕ್ಕಿ ಜೀವ ಹೋದ ಪ್ರಕರಣಗಳಿವೆ. ಅಂಟಿನ ಬದಿ ಒಳಗೆ ಬರುವಂತೆ ಮಡಚಿ, ಪ್ಯಾಕಿನಲ್ಲಿ ಹೇಳಿದ ಹಾಗೆ ವಿಲೇವಾರಿ ಮಾಡಿ. ಎಂಆರ್‌ಐ ಮಾಡಿಸುವಾಗ ಪ್ಯಾಚ್ ಇದೆ ಎಂದು ಹೇಳಲು ಮರೆಯಬೇಡಿ, ಕೆಲವು ಪ್ಯಾಚ್‌ಗಳ ಹಿಂಬದಿಯಲ್ಲಿ ಲೋಹದ ಪದರ ಇದ್ದು ಸುಟ್ಟಗಾಯ ಆಗುತ್ತದೆ.

ಪ್ರಶ್ನೆ: ಸಿಗರೇಟು ಬಿಡಲು ನಿಕೋಟಿನ್ ಪ್ಯಾಚ್ ಹಾಕುತ್ತಿದ್ದೇನೆ. ತೆಗೆದ ಜಾಗ ಚೌಕಾಕಾರವಾಗಿ ಕೆಂಪಾಗಿರುತ್ತದೆ. ಅಲರ್ಜಿಯೇ?

ಉತ್ತರ: ಒಂದೆರಡು ದಿನದಲ್ಲಿ ಹೋಗುವ ಕೆಂಪು, ಸ್ವಲ್ಪ ತುರಿಕೆ ಆದರೆ ಬಹುಮಟ್ಟಿಗೆ ಅಲ್ಲ. ನಿಕೋಟಿನ್, ಅಂಟು, ಮುಚ್ಚಿದ್ದರಿಂದ ನಿಂತ ತೇವ, ಮೂರರ ಕಿರಿಕಿರಿಯೂ ಅದರಲ್ಲಿ ಸೇರಿರುತ್ತದೆ. ದಿನಾ ಜಾಗ ಬದಲಿಸಿ, ಒಂದು ಜಾಗಕ್ಕೆ ಒಂದು ವಾರದೊಳಗೆ ಮತ್ತೆ ಹಾಕಬೇಡಿ. ಹಾಕುವ ಮುನ್ನ ಎಣ್ಣೆ, ಲೋಷನ್ ಬೇಡ, ಆ ಜಾಗ ಆಗತಾನೇ ಬೋಳಿಸಿರಲೂಬಾರದು. ಕೆಂಪು ನಾಲ್ಕು ದಿನವಾದರೂ ಇಳಿಯದೆ ಊದಿಕೊಂಡರೆ, ಅಥವಾ ಪ್ಯಾಚ್ ಹಾಕದ ಕಡೆಯೂ ದದ್ದು ಎದ್ದರೆ, ಅದು ಅಲರ್ಜಿ ಇರಬಹುದು. ಪ್ಯಾಚ್ ನಿಲ್ಲಿಸಿ, ನಿಕೋಟಿನ್ ಚ್ಯೂಯಿಂಗ್ ಗಮ್ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಿ, ಸಿಗರೇಟಿಗೆ ಮಾತ್ರ ವಾಪಸ್ ಹೋಗಬೇಡಿ.